ಚಿದಾನಂದನ ತೋರುಬೆರಳು

ಚಿದಾನಂದನ ದೇಹದಲ್ಲಿ ನಿಯತ್ತಾಗಿ ದುಡಿಯುತ್ತಿದ್ದ ಅಂಗ ಒಂದೇ. ಅದು ಬಲಗೈಯ ತೋರುಬೆರಳು. ಕುಮಾರಸ್ವಾಮಿ ಲೇಔಟಿನಲ್ಲಿ ಅವನದೊಂದು ಡ್ರೈವಿಂಗ್ ಸ್ಕೂಲು ಇತ್ತು. ಸ್ಕೂಲು ಎಂದರೆ ಒಂದು ಹಳೆಯ ಕಾರು, ಅದರ ನೆತ್ತಿಯ ಮೇಲೆ ಹಳದಿ ಬೋರ್ಡು, ಕಲಿಯುವವರ ಪಕ್ಕದ ಸೀಟಿನಲ್ಲಿ ಚಿದಾನಂದ. ಬೆರಳು ಎತ್ತ ತಿರುಗಿತೋ ಕಾರು ಅತ್ತ ತಿರುಗಬೇಕು. ಹೀಗೆ ವರ್ಷಗಟ್ಟಲೆ ಕೂತು ಕೂತು, ಲೋಕದ ಕೆಲಸವೆಲ್ಲ ಬೆರಳು ತೋರಿಸಿದರೆ ಆಗುತ್ತದೆ ಎಂಬ ನಂಬಿಕೆ ಅವನಲ್ಲಿ ಬೇರೂರಿಬಿಟ್ಟಿತ್ತು. ಮನೆಯಲ್ಲಿ ನೀರಿನ ಲೋಟದತ್ತ ತೋರಿಸುತ್ತಿದ್ದ, ಲೋಟ ಬರುತ್ತಿತ್ತು. ತಂದುಕೊಡುತ್ತಿದ್ದವಳು ಹೆಂಡತಿ ಗಂಗರತ್ನ ಎಂಬುದು ಅವನ ಗಮನಕ್ಕೆ ಅಷ್ಟಾಗಿ ಬಂದಿರಲಿಲ್ಲ.

ಮನೆ ಇದ್ದದ್ದು ಜರಗನಹಳ್ಳಿಯಲ್ಲಿ, ಅತ್ತೆ ಮೀನಾಕ್ಷಮ್ಮನ ತೋಟದ ಅಂಚಿನಲ್ಲಿ. ಒಂದು ಕಾಲಕ್ಕೆ ಕನಕಪುರ ರಸ್ತೆಯವರೆಗೂ ಹಬ್ಬಿತ್ತು ಎನ್ನುವ ಆ ತೋಟ ಈಗ ಒಂದು ಕಡೆ ಅಪಾರ್ಟ್‌ಮೆಂಟು, ಇನ್ನೊಂದು ಕಡೆ ಮದುವೆ ಛತ್ರ, ನಡುವೆ ಹತ್ತು ಗುಂಟೆಗೆ ಬಂದು ನಿಂತಿತ್ತು. ಆ ಹತ್ತು ಗುಂಟೆಯಲ್ಲಿ ವರ್ಷ ಪೂರ್ತಿ ಏನಾದರೊಂದು ಇದ್ದೇ ಇರುತ್ತಿತ್ತು. ಬೇಸಿಗೆಗೆ ದಂಟು, ಕೀರೆ. ಚಳಿ ಬಂದರೆ ಅವರೆ. ಮಧ್ಯೆ ಮಧ್ಯೆ ಮೂಲಂಗಿ, ಮೆಂತ್ಯ, ಕೊತ್ತಂಬರಿ. ಬೆಳಕು ಹರಿಯುವ ಮುಂಚೆ ಅಮ್ಮ ಮಗಳು ಸೊಪ್ಪು ಕಿತ್ತು, ಕಂತೆ ಕಟ್ಟಿ, ಗೇಟಿನ ಪಕ್ಕ ಗೋಣಿಚೀಲ ಹಾಸಿ ಕೂತರೆ, ವಾಕಿಂಗ್ ಮುಗಿಸಿ ಬರುವ ಅಪಾರ್ಟ್‌ಮೆಂಟಿನವರೇ ಎಲ್ಲ ಖಾಲಿ ಮಾಡುತ್ತಿದ್ದರು.

ಆದರೆ ತೋಟದ ಮರ್ಯಾದೆ ನಿಂತದ್ದು ಬೂದುಗುಂಬಳದ ಮೇಲೆ. ಆಷಾಢಕ್ಕೆ ಮುಂಚೆ ಗುಣಿ ತೋಡಿ, ಗೊಬ್ಬರ ತುಂಬಿ, ಬೀಜ ಊರಿದರೆ ಆಯುಧಪೂಜೆಯ ಹೊತ್ತಿಗೆ ಕಾಯಿ. ಸುತ್ತಮುತ್ತಲ ಗ್ಯಾರೇಜಿನವರು, ವೆಲ್ಡಿಂಗ್ ಶಾಪಿನವರು, ಆಟೋ ಸ್ಟ್ಯಾಂಡಿನವರು ಎಲ್ಲರೂ ಒಡೆಯುತ್ತಿದ್ದದ್ದು ಮೀನಾಕ್ಷಮ್ಮನ ಕಾಯಿಯನ್ನೇ. ಅದನ್ನು ಒಡೆದ ಗಾಡಿಗೆ ವರ್ಷವಿಡೀ ಪೊಲೀಸರು ಕೈ ಅಡ್ಡ ಹಾಕುವುದಿಲ್ಲ ಎಂದು ಆಟೋದವರು ಹೇಳಿಕೊಳ್ಳುತ್ತಿದ್ದರು.

ಈ ಬಳ್ಳಿಗೆ ಒಂದು ಕಟ್ಟಳೆ ಇತ್ತು. ಮಿಡಿ ಕಚ್ಚಿದ ಮೇಲೆ ಕಾಯಿ ಕೊಯ್ಯುವವರೆಗೆ ಬಳ್ಳಿಯತ್ತ ಯಾರೂ ಬೆರಳು ಚಾಚಿ ತೋರಿಸಬಾರದು. ತೋರಿಸಿದರೆ ಮಿಡಿ ಕೊಳೆಯುತ್ತದೆ. ತೋರಿಸಲೇಬೇಕಾದ ಸಂದರ್ಭ ಬಂದರೆ ಬೆರಳನ್ನು ಕೊಕ್ಕೆಯ ಹಾಗೆ ಮಡಿಚಿ ತೋರಿಸಬೇಕು. ಚಿದಾನಂದ ಆಧುನಿಕ ಮನುಷ್ಯ, ಕ್ಲಚ್ಚು ಗೇರುಗಳ ಮರ್ಮ ಬಲ್ಲವನು. ಬೆರಳು ತೋರಿಸಿದರೆ ಕೊಳೆಯುವುದಾದರೆ ಜೆಪಿ ನಗರ ಪೂರ್ತಿ ಯಾವತ್ತೋ ಕೊಳೆತುಹೋಗಬೇಕಿತ್ತು ಎಂದು ಅವನು ನೆಂಟರ ಮುಂದೆಲ್ಲ ನಗೆಯಾಡುತ್ತಿದ್ದ. ಹೋದ ವರ್ಷ ಅಪಾರ್ಟ್‌ಮೆಂಟಿನವರನ್ನು ಬೇಲಿಯ ಹತ್ತಿರ ಸಾಲಾಗಿ ನಿಲ್ಲಿಸಿ, ಇದು ನಮ್ಮ ಕಾಯಿ, ಅದೂ ನಮ್ಮ ಕಾಯಿ ಎಂದು ಒಂದೊಂದಕ್ಕೂ ಬೆರಳಿಟ್ಟು ತೋರಿಸಿದ. ಮಾರನೆಯ ವಾರ ಮಳೆ ಹಿಡಿದುಕೊಂಡಿತು, ಹಣ್ಣುನೊಣ ಬಂತು, ಅಷ್ಟೂ ಮಿಡಿ ಕೊಳೆತವು. ಮಳೆಯನ್ನು ಯಾರೂ ಬೈಯಲಿಲ್ಲ. ನೊಣವನ್ನೂ ಬೈಯಲಿಲ್ಲ. ಮೀನಾಕ್ಷಮ್ಮ ಅಳಿಯನ ಬೆರಳನ್ನು ಒಮ್ಮೆ ನೋಡಿ, ಕೊಳೆತ ಮಿಡಿಗಳನ್ನು ಆರಿಸಿ ಗೊಬ್ಬರದ ಗುಂಡಿಗೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಚಿದಾನಂದನಿಗೆ ಎಷ್ಟೋ ದಿನ ಅನಿಸಿತು.

ಈ ವರ್ಷ ಶ್ರಾವಣ ಹುಟ್ಟುತ್ತಲೇ ಮೀನಾಕ್ಷಮ್ಮನ ಮಂಡಿ ಕೈಕೊಟ್ಟಿತು. ಆಪರೇಷನ್ ಆಗಬೇಕು, ಆದ ಮೇಲೆ ಹೊಸಕೆರೆಹಳ್ಳಿಯ ಕಿರಿಮಗಳ ಮನೆಯಲ್ಲಿ ಇದ್ದು ಸುಧಾರಿಸಿಕೊಳ್ಳಬೇಕು ಎಂದಾಯಿತು. ಬಳ್ಳಿಯಲ್ಲಿ ಆಗಷ್ಟೇ ಮಿಡಿ ಕಚ್ಚಿತ್ತು. ಆಟೋ ಹತ್ತುವ ಮುಂಚೆ ಅವಳು ಅಳಿಯನನ್ನು ಕರೆದಳು.

"ಚಿದಾನಂದಪ್ಪ, ಆಯುಧಪೂಜೆಗೆ ಕಾಯಿ ಕೈಗೆ ಬಂದ್ರೆ ತೋಟ ನೀವೇ ನೋಡ್ಕೊಳ್ಳಿ. ಬರ್ಲಿಲ್ವಾ, ಛತ್ರದೋರು ಗಾಡಿ ನಿಲ್ಸಕ್ಕೆ ಕೇಳ್ತಾನೇ ಅವ್ರೆ, ಕೊಟ್ಬುಡ್ತೀನಿ. ನನ್ ಕೈಲಿ ಇನ್ನಾಗಲ್ಲ. ಬೆರಳೊಂದು ಜ್ವಾಪಾನ."

ಅಂದು ಸಂಜೆ ಗಂಗರತ್ನ ಅತ್ತಳು. ಅವಳು ಅಂಬೆಗಾಲಿಟ್ಟದ್ದು ಅದೇ ಮಣ್ಣಿನಲ್ಲಿ. ಅಲ್ಲಿ ಯಾರದೋ ಮದುವೆಯ ಕಾರು ನಿಲ್ಲುವುದನ್ನು ನಾನು ನೋಡಲಾರೆ, ನಿಮ್ಮ ಆ ಹಾಳು ಬೆರಳನ್ನು ಸ್ವಲ್ಪ ಅಂಕೆಯಲ್ಲಿ ಇಟ್ಟುಕೊಳ್ಳಿ ಎಂದು ಗಂಡನಿಗೆ ನೇರವಾಗಿಯೇ ಹೇಳಿದಳು. ಚಿದಾನಂದನಿಗೆ ಹೆಂಡತಿಯ ಅಳು ಕಂಡರೆ ಕೈಕಾಲು ಆಡುವುದಿಲ್ಲ. ಆದರೆ ಬೆರಳು ಆಡುತ್ತದೆ. ಅದಕ್ಕೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಅದು ತಂತಾನೇ ಏಳುತ್ತದೆ ಎಂಬುದು ಗೊತ್ತಿದ್ದರಿಂದ ಅವನು ಅತ್ತೆಯ ಹಳೆಯ ಸೀರೆಯಿಂದ ಹಳದಿ ಅಂಚು ಹರಿದು, ತೋರುಬೆರಳನ್ನು ಮಡಿಚಿ, ಅಂಗೈಗೆ ಸೇರಿಸಿ ಬಿಗಿಯಾಗಿ ಕಟ್ಟಿಕೊಂಡುಬಿಟ್ಟ.

ಮರುದಿನ ಅದನ್ನು ಮೊದಲು ನೋಡಿದವರು ಗೌರೀಶಂಕರ. ಅವರು ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರು, ಟೆಲಿಫೋನ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಬೆರಳಿಗೆ ಏನಾಯಿತು ಎಂದು ಕೇಳಿದರು. ಅತ್ತೆ ಹೇಳಿದ ಕಟ್ಟಳೆಯನ್ನು ಪಾಲಿಸುತ್ತಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೋದ ವರ್ಷ ಇದೇ ಬೇಲಿಯ ಹತ್ತಿರ, ಇದೇ ಗೌರೀಶಂಕರರ ಮುಂದೆ ಅವನು ಮೂಢನಂಬಿಕೆಯ ಬಗ್ಗೆ ದೊಡ್ಡ ಭಾಷಣ ಬಿಗಿದಿದ್ದ. ಆಧುನಿಕ ಮನುಷ್ಯನ ಮಾನ ಉಳಿಯಬೇಕಲ್ಲ.

"ಅದು ಸೈನ್ಸು ಸಾರ್," ಎಂದ ಚಿದಾನಂದ. "ಬೆರಳ ತುದಿಯಿಂದ ಒಂದು ಥರ ವೇವ್ಸ್ ಬರುತ್ತಂತೆ. ಎಳೇ ಕಾಯಿ ತಡ್ಕೊಳಲ್ಲ."

ಗೌರೀಶಂಕರರು ಗಂಭೀರವಾದರು. ಟೆಲಿಫೋನಿನ ಕಾರ್ಖಾನೆಯಲ್ಲಿ ಇದ್ದವರಿಗೆ ವೇವ್ಸ್ ಎಂದರೆ ಮನೆದೇವರಿದ್ದ ಹಾಗೆ. ಅವರು ಮನೆಗೆ ಹೋಗಿ ಕಾಫಿ ಕುಡಿದು, ತಮ್ಮ ಕಡೆಯಿಂದಲೂ ನಾಲ್ಕು ಮಾತು ಸೇರಿಸಿ ಸಂಘದ ವಾಟ್ಸಪ್ ಗ್ರೂಪಿಗೆ ಹಾಕಿದರು. ಕುಂಬಳದ ಮಿಡಿಗೆ ಮನುಷ್ಯನ ಬೆರಳಿನ ವಿಕಿರಣ ಹಾನಿಕರ. ನಿವಾಸಿಗಳು ಬಾಲ್ಕನಿಯಿಂದ ತೋಟದ ಕಡೆ ಬೆರಳು ತೋರಿಸಕೂಡದು. ಅನಿವಾರ್ಯವಾದರೆ ಮೊಣಕೈ ಬಳಸತಕ್ಕದ್ದು. ಮೊಣಕೈ ಅವರದೇ ಆವಿಷ್ಕಾರ. ಅಲ್ಲಿ ಮೂಳೆ ದಪ್ಪ, ವೇವ್ಸ್ ಹೊರಗೆ ಬರುವುದಿಲ್ಲ ಎಂದು ಅವರು ವಿವರಣೆಯನ್ನೂ ಕೊಟ್ಟರು.

ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಕಸ ಬೇರ್ಪಡಿಸಿ ಹಾಕಿ ಎಂದರೆ ಕೇಳುವುದಿಲ್ಲ, ಇಂಥದ್ದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಾರೆ. ವಾರದೊಳಗೆ ನಾಲ್ಕನೇ ಮಹಡಿಯವರೆಗೂ ಬೆಳಗಿನ ಕಾಫಿ ಲೋಟ ಹಿಡಿದವರು ಮೊಣಕೈಯಿಂದಲೇ ಒಬ್ಬರಿಗೊಬ್ಬರು ಕಾಯಿ ತೋರಿಸತೊಡಗಿದರು. ಸೊಪ್ಪು ಕೊಳ್ಳಲು ಬಂದವರು ಗಂಗರತ್ನಳ ಮುಂದೆ ಗದ್ದ ಎತ್ತಿ ಆ ಮೆಂತ್ಯ, ಈ ದಂಟು ಎನ್ನುತ್ತಿದ್ದರು. ಆ ಗದ್ದ ಯಾವ ಕಂತೆಯ ಮೇಲೆ ಬಿತ್ತು ಎಂದು ತಿಳಿಯದೆ ಅವಳು ಮೆಂತ್ಯ ಕೇಳಿದವರಿಗೆ ಮೂಲಂಗಿ ಕೊಟ್ಟು ಕಳಿಸಿದ್ದೂ ಉಂಟು.

ಡ್ರೈವಿಂಗ್ ಸ್ಕೂಲಿನ ಪರಿಸ್ಥಿತಿಯೂ ಕೆಟ್ಟಿತು. ಅದೇ ಅಪಾರ್ಟ್‌ಮೆಂಟಿನ ಅಲಮೇಲು ಮೇಡಂ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಆಗ ಅವನ ಬಳಿ ಕಾರು ಕಲಿಯುತ್ತಿದ್ದರು. ಬೆರಳು ತೋರಿಸದೆ ಬಾಯಲ್ಲಿ ಲೆಫ್ಟ್ ರೈಟ್ ಹೇಳಲು ಹೋದರೆ ಚಿದಾನಂದನಿಗೆ ತನ್ನ ಎಡ ಯಾವುದು ಬಲ ಯಾವುದು ಎಂದೇ ಮರೆತುಹೋಗುತ್ತಿತ್ತು. ಒಂದು ಭಾನುವಾರ ಅವನು ನೇರ ಹೋಗಿ ಎಂಬಂತೆ ಮೊಣಕೈ ಆಡಿಸಿದ. ಮೇಡಂ ಅದನ್ನು ತಮಗೆ ಅರ್ಥವಾದಂತೆ ಅರ್ಥ ಮಾಡಿಕೊಂಡು ಛತ್ರದ ಗೇಟಿನೊಳಕ್ಕೆ ತಿರುಗಿಸಿಯೇ ಬಿಟ್ಟರು. ಬಾಗಿಲಲ್ಲಿ ನಿಂತಿದ್ದವರು ಹುಡುಗನ ಕಡೆಯವರು ಬಂದರು ಎಂದುಕೊಂಡು ಇಬ್ಬರಿಗೂ ಪನ್ನೀರು ಚಿಮುಕಿಸಿ ಊಟಕ್ಕೆ ಕೂರಿಸಿದರು. ಹೋಳಿಗೆ ಚೆನ್ನಾಗಿತ್ತು ಎಂದು ಅಲಮೇಲು ಮೇಡಂ ಹೇಳಿದರು. ಚಿದಾನಂದನಿಗೆ ಮಡಿಚಿದ ಬೆರಳಿಟ್ಟುಕೊಂಡು ಅನ್ನ ಕಲಸುವುದೇ ಕಷ್ಟವಾಯಿತು.

ಇಷ್ಟರ ನಡುವೆ ತೋಟದಲ್ಲಿ ಒಂದು ಬದಲಾವಣೆ ಆಗಿತ್ತು. ಅದನ್ನು ಚಿದಾನಂದ ಗಮನಿಸಲಿಲ್ಲ, ಗಂಗರತ್ನ ಗಮನಿಸಿದಳು. ಹಿಂದೆಲ್ಲ ಅವನು ಬದುವಿನ ಮೇಲೆ ನಿಂತು ಅಲ್ಲಿ ಕಳೆ ಇದೆ, ಇಲ್ಲಿ ನೀರು ನಿಂತಿದೆ ಎಂದು ಬೆರಳು ತೋರಿಸಿ ಕೆಲಸಕ್ಕೆ ಹೊರಡುತ್ತಿದ್ದ. ಈಗ ತೋರಿಸುವ ಹಾಗಿಲ್ಲ. ಗದ್ದ ಎತ್ತಿದರೆ ಹೆಂಡತಿಗೆ ತಿಳಿಯುವುದಿಲ್ಲ. ಕೊನೆಗೆ ಥತ್ ಎಂದುಕೊಂಡು ತಾನೇ ಇಳಿದು ಕಳೆ ಕೀಳುತ್ತಿದ್ದ. ಮಿಡಿಗಳಿಗೆ ನೊಣ ಕೂರದ ಹಾಗೆ ಹಳೆಯ ಪೇಪರು ಸುತ್ತಿದ. ಮಳೆ ನೀರಿನಲ್ಲಿ ಕಾಯಿಯ ತಳ ಕೊಳೆಯದಿರಲಿ ಎಂದು ಒಂದೊಂದರ ಕೆಳಗೂ ಹೆಂಚಿನ ಚೂರು ಇಟ್ಟ. ಬಳ್ಳಿ ತುಳಿಯದೆ ಕಾಲಿಡುವುದು ಹೇಗೆ ಎಂದು ಕಲಿತ. ಗೌರಿಗಣೇಶ ಹಬ್ಬದ ಹೊತ್ತಿಗೆ ಕಾಯಿಗಳು ದಪ್ಪಗಾಗಿ ಮೈಮೇಲೆ ಬೂದಿ ಹೊದ್ದುಕೊಂಡವು. ಅಪಾರ್ಟ್‌ಮೆಂಟಿನ ಬದಿಯ ಮೂಲೆಯಲ್ಲಿ ಒಂದು ಕಾಯಿಯಂತೂ ಒಬ್ಬರು ತಬ್ಬಿದರೆ ತೋಳು ತುಂಬುವಷ್ಟು ಬೆಳೆಯಿತು. ಚಿದಾನಂದ ಕೆಲಸಕ್ಕೆ ಹೋಗುವಾಗ ಅದಕ್ಕೆ ಹೇಳಿ ಹೋಗುತ್ತಿದ್ದ.

ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ವಾರ ಸರ್ವೇಯರ್ ಬಂದ. ಬೇಲಿ ಹಾಳಾಗಿ ನಾಯಿಗಳು ನುಗ್ಗುತ್ತವೆ, ಅದರ ಜಾಗದಲ್ಲಿ ಗೋಡೆ ಕಟ್ಟಬೇಕು, ಗಡಿ ಗುರುತು ಮಾಡಿಕೊಡಿ ಎಂದು ಸಂಘದವರೇ ಅರ್ಜಿ ಹಾಕಿದ್ದರು. ಸರ್ವೇಯರ್ ಹಣಮಪ್ಪ ಬಾಗಲಕೋಟೆಯ ಕಡೆಯವನು, ಬಿಟಿಎಮ್ಮಿನಲ್ಲಿ ಬಾಡಿಗೆಗಿದ್ದ. ಹೊಸ ಬೂಟು ಹಾಕಿಕೊಂಡು ಬಂದಿದ್ದ. ಗಂಗರತ್ನ ಅಂದು ಬೆಳಗ್ಗೆಯೇ ಅಮ್ಮನನ್ನು ಕರೆತರಲು ಹೊಸಕೆರೆಹಳ್ಳಿಗೆ ಹೋಗಿದ್ದಳು.

ಹಣಮಪ್ಪ ಕೇಳಿದ್ದು ಇಷ್ಟೇ. ಗಡಿಯ ಬಾಂದುಕಲ್ಲು ಎಲ್ಲಿದೆ? ಅದು ಸಿಕ್ಕರೆ ಅಲ್ಲಿಂದ ಅಳತೆ ಹಿಡಿಯಬಹುದು.

ಕಲ್ಲು ಎಲ್ಲಿದೆ ಎಂದು ಚಿದಾನಂದನಿಗೆ ಚೆನ್ನಾಗಿ ಗೊತ್ತಿತ್ತು. ಆ ಮೂಲೆಯ ದೊಡ್ಡ ಕಾಯಿ ಒರಗಿಕೊಂಡು ಮಲಗಿದ್ದದ್ದೇ ಆ ಕಲ್ಲಿಗೆ. ಕಾಯಿ ಮತ್ತು ಎಲೆಯ ಮರೆಯಲ್ಲಿ ಕಲ್ಲು ಪೂರಾ ಮುಚ್ಚಿಹೋಗಿತ್ತು. ಕಲ್ಲು ತೋರಿಸುವುದೂ ಒಂದೇ, ಕಾಯಿ ತೋರಿಸುವುದೂ ಒಂದೇ. ಬಾಯಲ್ಲಿ ಹೇಳೋಣ ಎಂದರೆ ಎಡ ಬಲ ಮತ್ತೆ ಮರೆತುಹೋಯಿತು. ಅವನು ಕಟ್ಟಿದ ಬೆರಳನ್ನು ಮುಂದೆ ಚಾಚಿದ. ಮಡಿಚಿದ ಬೆರಳಿನ ತುದಿ ಅವನ ಎದೆಯ ಕಡೆಗೇ ತಿರುಗಿತ್ತು.

"ನಿಮ್ಮ ಕಿಸೇದಾಗ ಐತೇನ್ರಿ ಕಲ್ಲು?" ಎಂದ ಹಣಮಪ್ಪ.

ಅಷ್ಟರಲ್ಲಿ ಬೇಲಿಯ ಆಚೆ ಅಪಾರ್ಟ್‌ಮೆಂಟಿನವರು ಸೇರಿದರು. ಸರ್ವೇಯರ್ ಅವರನ್ನು ಕೇಳಿದ. ಗೌರೀಶಂಕರರು ಎಡ ಮೊಣಕೈ ಎತ್ತಿದರು. ಅಲಮೇಲು ಮೇಡಂ ಬಲ ಮೊಣಕೈ ಎತ್ತಿದರು. ಇನ್ನೊಬ್ಬರು ಗದ್ದ ಚಾಚಿದರು, ಮತ್ತೊಬ್ಬರು ಒಂಟಿ ಕಾಲಲ್ಲಿ ನಿಂತು ಚಪ್ಪಲಿಯ ತುದಿ ತಿರುಗಿಸಿದರು. ಹಣಮಪ್ಪ ಎಷ್ಟೋ ಊರು ಅಳೆದಿದ್ದ, ಗಡಿ ಜಗಳದಲ್ಲಿ ಕುಡುಗೋಲು ಎತ್ತಿದವರನ್ನು ಕಂಡಿದ್ದ, ಮೊಣಕೈ ಎತ್ತಿದವರನ್ನು ಕಂಡಿರಲಿಲ್ಲ. ಇವರಿಗೆಲ್ಲ ಒಟ್ಟಿಗೆ ಏನೋ ವಾತ ಹೊಡೆದಿದೆ ಎಂದುಕೊಂಡ.

"ಒಂದ್ ಸಲ ಕೈ ಮಾಡಿ ತೋರಸ್ರಿ, ನಾ ಹೊಕ್ಕೀನಿ," ಎಂದು ಬೇಡಿಕೊಂಡ.

ವೇವ್ಸಿನ ವಿಷಯವನ್ನು ಗೌರೀಶಂಕರರು ಅವನಿಗೆ ವಿವರಿಸಿದರು. ಬಿಸಿಲೇರಿತ್ತು, ಹೊಸ ಬೂಟು ಕಚ್ಚುತ್ತಿತ್ತು. ಹಣಮಪ್ಪ ವಿವರಣೆಯನ್ನು ಅರ್ಧ ಕೇಳಿ ಕೈಮುಗಿದ. ಎಲ್ಲರ ಮೊಣಕೈ, ಗದ್ದ, ಚಪ್ಪಲಿಗಳನ್ನು ಕಣ್ಣಲ್ಲೇ ಕೂಡಿ ಭಾಗಿಸಿದ. ಅವು ಹೆಚ್ಚುಕಮ್ಮಿ ತೋಟದ ನಟ್ಟನಡುವಿನ ಒಂದು ಚಪ್ಪಟೆ ಕಲ್ಲಿನ ಕಡೆಗೆ ಸೇರುತ್ತಿದ್ದವು. ಅದು ಮೀನಾಕ್ಷಮ್ಮ ಬಟ್ಟೆ ಒಗೆಯುವ ಕಲ್ಲು. ಅದು ಬಾಂದುಕಲ್ಲಲ್ಲ ಎಂದು ಚಿದಾನಂದ ಕೂಗಿದ್ದನ್ನು ಕೇಳದೆ ಹಣಮಪ್ಪ ಬದುವಿನ ಮೇಲೆ ಹೋಗಿ ಅದಕ್ಕೆ ಕೆಂಪು ಬಣ್ಣ ಬಳಿದ. ಟೇಪು ಹಿಡಿದ. ಸುಣ್ಣದ ಗೆರೆ ಬಳ್ಳಿಗಳ ಮೇಲೆ ಹಾದುಹೋಯಿತು. ಅರ್ಧ ತೋಟ ಗೆರೆಯಿಂದ ಆಚೆಗೆ, ಅಪಾರ್ಟ್‌ಮೆಂಟಿನ ಪಾಲಿಗೆ ಬಿತ್ತು.

ಗೌರೀಶಂಕರರು ಕೆಟ್ಟ ಮನುಷ್ಯರಲ್ಲ. ನಾಯಿ ಬರದಿದ್ದರೆ ಸಾಕು ಎಂದುಕೊಂಡೇ ಬಂದವರು. ಆದರೆ ಆಕಾಶದಿಂದ ಬಿದ್ದ ಅರ್ಧ ತೋಟ ಕಣ್ಣೆದುರು ಇದ್ದಾಗ ಅವರಿಗೆ ಅಲ್ಲೊಂದು ಶಟಲ್ ಕೋರ್ಟ್ ಕಾಣಿಸತೊಡಗಿತು. ಸರ್ಕಾರಿ ಗೆರೆ, ನಾವೇನು ಮಾಡೋಕಾಗುತ್ತೆ ಎಂದರು. ಗೋಡೆ ಕಟ್ಟುವವರು ಜೆಸಿಬಿ ತಂದು ರಸ್ತೆಯಲ್ಲಿ ನಿಲ್ಲಿಸಿಕೊಂಡಿದ್ದರು. ಅದು ಗುರ್ ಎಂದಿತು.

ಚಿದಾನಂದ ಲೆಕ್ಕ ಹಾಕಿದ. ಬೆರಳು ಬಿಚ್ಚಿ ತೋರಿಸಿದರೆ ಕಾಯಿ ಹೋಗುತ್ತದೆ, ಕಾಯಿ ಹೋದರೆ ತೋಟ ಛತ್ರದವರ ಪಾಲು. ತೋರಿಸದಿದ್ದರೆ ಈಗಲೇ ಅರ್ಧ ತೋಟ ಶಟಲ್ ಆಡುವವರ ಪಾಲು. ಅತ್ತ ಹೋದರೂ ಗಂಗರತ್ನ ಅಳುತ್ತಾಳೆ, ಇತ್ತ ಹೋದರೂ ಅಳುತ್ತಾಳೆ. ಸೈನ್ಸೆಲ್ಲ ತಾನೇ ಹೊಸೆದ ಸುಳ್ಳು, ತನಗೆ ಅತ್ತೆಯ ಕಟ್ಟಳೆಯ ಭಯ ಎಂದು ಬಾಯಿಬಿಟ್ಟು ಹೇಳಿದ. ಯಾರೂ ನಂಬಲಿಲ್ಲ. ತೋಟ ಹೋಗುವ ದುಃಖದಲ್ಲಿ ಏನೇನೋ ಮಾತಾಡುತ್ತಿದ್ದಾನೆ, ಪಾಪ, ಎಂದು ಗೌರೀಶಂಕರರು ನೀರಿನ ಬಾಟಲಿ ಕೊಟ್ಟರು. ಅವನು ಹಲ್ಲಿನಿಂದ ಬೆರಳ ಗಂಟು ಬಿಚ್ಚಲು ನೋಡಿದ. ಗಂಟು ಬಿಚ್ಚಿತು. ಆದರೆ ಅಷ್ಟು ದಿನ ಮಡಿಚಿಕೊಂಡಿದ್ದ ಬೆರಳು ನೆಟ್ಟಗಾಗಲಿಲ್ಲ. ಎಡಗೈಯಿಂದ ಹಿಡಿದು ಎಳೆದ, ಬಿಟ್ಟ ಕೂಡಲೇ ಅದು ಮತ್ತೆ ಕೊಕ್ಕೆಯಾಯಿತು.

ಆಗ ಆಟೋ ಬಂತು. ಮೀನಾಕ್ಷಮ್ಮ ವಾಕರ್ ಊರಿಕೊಂಡು ಇಳಿದಳು, ಹಿಂದೆ ಗಂಗರತ್ನ. ಮೀನಾಕ್ಷಮ್ಮ ಸುಣ್ಣದ ಗೆರೆ ನೋಡಿದಳು, ಕೆಂಪಾದ ಒಗೆಯುವ ಕಲ್ಲು ನೋಡಿದಳು, ಜೆಸಿಬಿ ನೋಡಿದಳು, ಬೆರಳು ಎಳೆದುಕೊಳ್ಳುತ್ತಿದ್ದ ಅಳಿಯನನ್ನು ನೋಡಿದಳು. ನಡೆದದ್ದನ್ನು ಎಲ್ಲರೂ ಒಟ್ಟಿಗೆ ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಳಿಯನ ಕಡೆ ತಿರುಗಿದಳು.

"ಕಲ್ಲು ತೋರ್ಸಕ್ಕೆ ಬೆರಳೇ ಯಾಕಪ್ಪ ಬೇಕಿತ್ತು? ಹೋಗಿ ಮುಟ್ಟಕ್ಕೆ ಏನಾಗಿತ್ತು?"

ಜೆಸಿಬಿಯವನು ಇಂಜಿನ್ ಆಫ್ ಮಾಡಿದ. ಇಂಜಿನಿಯರು, ಮುಖ್ಯೋಪಾಧ್ಯಾಯಿನಿ, ಸರ್ವೇಯರು, ಡ್ರೈವಿಂಗ್ ಮಾಸ್ತರು, ಇಷ್ಟು ಜನ ಇದ್ದರು, ಬೆಳಗಿನಿಂದ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಚಿದಾನಂದ ಚಪ್ಪಲಿ ಬಿಟ್ಟ. ಒಂದೂ ಬಳ್ಳಿ ತುಳಿಯದೆ ಮೂಲೆಗೆ ನಡೆದು, ಎಲೆ ಸರಿಸಿ, ದೊಡ್ಡ ಕಾಯಿಯನ್ನು ಮಗುವಿನ ತಲೆ ಹಿಡಿದ ಹಾಗೆ ಸ್ವಲ್ಪ ಓರೆ ಮಾಡಿ, ಹಿಂದಿದ್ದ ಕಲ್ಲಿನ ಮೇಲೆ ಅಂಗೈ ಇಟ್ಟ. ಹಣಮಪ್ಪ ಬೂಟು ಕಳಚಿ ಅವನು ಇಟ್ಟಲ್ಲೇ ಕಾಲಿಡುತ್ತ ಬಂದು ನೋಡಿದ. ಬಾಂದುಕಲ್ಲೇ. ಬೇಲಿಗೆ ಒಂದು ಗೇಣು ಈಚೆ. ಗೆರೆ ಹೊರಳಿ ಬೇಲಿಯ ಸಾಲಿಗೆ ಹೋಗಿ ಕೂತಿತು, ಶಟಲ್ ಕೋರ್ಟ್ ಗೌರೀಶಂಕರರ ಕಣ್ಣಿನಿಂದ ಮಾಯವಾಯಿತು. ಅವರು ಮೀನಾಕ್ಷಮ್ಮನ ಕಾಲುನೋವು ವಿಚಾರಿಸಿಕೊಂಡು ಹೋದರು. ವೇವ್ಸಿನ ಸಿದ್ಧಾಂತವನ್ನು ಮಾತ್ರ ಅವರು ಬಿಡಲಿಲ್ಲ, ಇವತ್ತಿಗೂ ಬಿಟ್ಟಿಲ್ಲ. ಒಗೆಯುವ ಕಲ್ಲಿನ ಬಣ್ಣ ಹೋಗಲು ಬಹಳ ದಿನ ಹಿಡಿಯಿತು, ಅಲ್ಲಿಯವರೆಗೆ ಚಿದಾನಂದನ ಬನಿಯನ್ನುಗಳೆಲ್ಲ ಗುಲಾಬಿ ಬಣ್ಣದಲ್ಲಿದ್ದವು.

ಕಾಯಿ ಒಂದೂ ಕೊಳೆಯಲಿಲ್ಲ. ಆಯುಧಪೂಜೆಯ ಹಿಂದಿನ ದಿನ ಬೆಳಗ್ಗೆ ಗ್ಯಾರೇಜಿನವರು, ಆಟೋದವರು ಗೇಟಿನ ಹತ್ತಿರ ಸಾಲು ನಿಂತರು. ಕಾಯಿ ಕೊಯ್ಯುವ ಮುಂಚೆ ಆ ತೋಟದಲ್ಲಿ ಒಂದು ಕೆಲಸ ಆಗಬೇಕು. ಮುಂದಿನ ವರ್ಷದ ಬೀಜಕ್ಕೆ ಒಂದು ಕಾಯಿಯನ್ನು ಆರಿಸಿ, ಯಾರೂ ಕೊಯ್ಯದ ಹಾಗೆ ತೊಟ್ಟಿಗೆ ಬಟ್ಟೆ ಕಟ್ಟಿ ಬಳ್ಳಿಯಲ್ಲೇ ಬಿಡಬೇಕು. ಅದು ತೋಟದ ಯಜಮಾನಿಕೆ ಇದ್ದವರ ಕೆಲಸ. ಮೀನಾಕ್ಷಮ್ಮನ ಗಂಡ ಇರುವವರೆಗೆ ಅವನು ಆರಿಸುತ್ತಿದ್ದ, ಅವನು ಹೋದ ಮೇಲೆ ಅವಳು ಆರಿಸುತ್ತಿದ್ದಳು. ಬೇರೆ ಯಾರನ್ನೂ ಅವಳು ಕೇಳಿದವಳಲ್ಲ.

ಅವಳು ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. "ಬೀಜಕ್ಕೆ ಯಾವ್ದು ಬಿಡಾಣ, ನೀವೇ ನೋಡಿ," ಎಂದಳು.

ಗಂಗರತ್ನ ಗಂಡನ ಮುಖ ನೋಡಿದಳು. ಅವನ ಬಲಗೈ ಅಭ್ಯಾಸಬಲದಿಂದ ಒಮ್ಮೆ ಮೇಲೆದ್ದಿತು. ಬೆರಳು ಆ ಹೊತ್ತಿಗೆ ಸುಮಾರಾಗಿ ನೆಟ್ಟಗಾಗಿತ್ತು. ಚಿದಾನಂದ ಅದನ್ನು ನೋಡಿಕೊಂಡ, ಕೈ ಕೆಳಗಿಳಿಸಿದ. ಚಪ್ಪಲಿ ಬಿಟ್ಟು ಬಳ್ಳಿಗಳ ನಡುವೆ ನಡೆದು ಮೂಲೆಯ ಕಾಯಿಯ ಪಕ್ಕ ಕೂತ. ಎರಡೂ ಅಂಗೈಗೆ ಬೂದಿ ಮೆತ್ತಿಕೊಂಡಿತು. ಜೇಬಿನಲ್ಲೇ ಇಟ್ಟುಕೊಂಡಿದ್ದ ಆ ಹಳದಿ ಸೀರೆಯಂಚನ್ನು ತೆಗೆದು ಕಾಯಿಯ ತೊಟ್ಟಿಗೆ ಗಂಟು ಹಾಕಿದ. ಮೀನಾಕ್ಷಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಬಿಸಿಲು ಜಾಸ್ತಿಯಾಯಿತು, ಬೇಗ ಬೇಗ ಕೊಯ್ಯಿರಿ ಎಂದಳು.

ಕೊಯ್ದ ಕಾಯಿಗಳು ಬದುವಿನ ಮೇಲೆ ರಾಶಿ ಬಿದ್ದವು. ಗೇಟಿನಲ್ಲಿ ಜನ ಕೂಗಾಡುತ್ತಿದ್ದರು. ಗಂಗರತ್ನ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು ಒಮ್ಮೆ ರಾಶಿಯ ಕಡೆ, ಒಮ್ಮೆ ಗೇಟಿನ ಕಡೆ ನೆಟ್ಟಗೆ ಬೆರಳು ತೋರಿಸಿದಳು. ಚಿದಾನಂದ ಎರಡು ಕಾಯಿ ಎತ್ತಿ ಹೆಗಲ ಮೇಲಿಟ್ಟುಕೊಂಡು ಅವಳು ತೋರಿಸಿದ ಕಡೆಗೆ ನಡೆದ.